ಅಭ್ಯಾಸದಲ್ಲಿ ಸರ್ವಿಸ್ ತಪ್ಪಲಿ, ಬಿಡಿ

ಸಾಲಾಗಿ ನಿಲ್ಲಿಸಿ, ಒಂದೇ ಜಾಗದಿಂದ ಒಂದೇ ಥರ ಐವತ್ತು ಸಲ ಸರ್ವಿಸ್ ಹೊಡೆಸುವುದು. ಎಷ್ಟೋ ಶಾಲೆಗಳಲ್ಲಿ ವಾಲಿಬಾಲ್ ಕಲಿಸುವುದು ಹೀಗೇ. ಸ್ವಲ್ಪ ಹೊತ್ತಿಗೆ ಚೆಂಡು ಸಲೀಸಾಗಿ ನೆಟ್ ದಾಟುತ್ತದೆ, ಎಲ್ಲರಿಗೂ ಖುಷಿ. ತಾಲೂಕು ಮಟ್ಟದ ಪಂದ್ಯದಲ್ಲಿ ಹೀಗೆ ಕಲಿತ ಹುಡುಗಿಯ ಸರ್ವಿಸ್ ನೆಟ್ಟಿಗೆ ಹೊಡೆದರೆ "ಹೆದರಿಬಿಟ್ಟಳು" ಅನ್ನುತ್ತೇವೆ. ಹೆದರಿಕೆಯೂ ಇದ್ದೀತು. ಆದರೆ ಕಾರವಾರದ ಮಕ್ಕಳಿಗೆ ಆಟ ಕಲಿಸುವ ನನಗೆ ಒಂದು ಮಾತು ಖಾತ್ರಿಯಾಗಿದೆ: ತೊಂದರೆ ಇರುವುದು ಹೆಚ್ಚಾಗಿ ನಾವು ಮಾಡಿಸುವ ಅಭ್ಯಾಸದಲ್ಲಿ.

ಯಾವುದೇ ಕೌಶಲ ಮೂರು ಹಂತದಲ್ಲಿ ಬರುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಫಿಟ್ಸ್ ಮತ್ತು ಪೋಸ್ನರ್ 1967ರಲ್ಲಿ ಹೇಳಿದ್ದರು. ಮೊದಲು ಯೋಚಿಸಿ ಯೋಚಿಸಿ ಮಾಡುವುದು, ಆಮೇಲೆ ತಪ್ಪು ತಿದ್ದಿಕೊಳ್ಳುತ್ತಾ ಹೋಗುವುದು, ಕೊನೆಗೆ ಯೋಚನೆಯಿಲ್ಲದೆ ಕೈ ತಾನಾಗಿ ಆಡುವುದು. ಮೊದಲನೇ ಹಂತದ ಮಗುವಿಗೆ ಒಂದೇ ಥರದ ಅಭ್ಯಾಸ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಎರಡನೇ ಹಂತಕ್ಕೆ ಬಂದವರನ್ನೂ ಅಲ್ಲೇ ಕಟ್ಟಿಹಾಕುವುದು ತಪ್ಪು.

1978ರಲ್ಲಿ ಕೆರ್ ಮತ್ತು ಬೂತ್ ಎಂಬ ಸಂಶೋಧಕರು 8 ವರ್ಷದ ಮಕ್ಕಳಿಂದ ಪುಟ್ಟ ಚೀಲಗಳನ್ನು ನೆಲದ ಗುರಿಗೆ ಎಸೆಸಿದರು. ಒಂದು ಗುಂಪು 3 ಅಡಿ ದೂರಕ್ಕೇ ಎಸೆದು ಕಲಿಯಿತು. ಇನ್ನೊಂದು 2 ಅಡಿ ಮತ್ತು 4 ಅಡಿಗೆ ಎಸೆಯಿತು, 3 ಅಡಿಯ ಗುರಿಗೆ ಒಮ್ಮೆಯೂ ಎಸೆಯಲಿಲ್ಲ. ಕೊನೆಯ ಪರೀಕ್ಷೆ 3 ಅಡಿಯದ್ದು. ಅದರಲ್ಲಿ ಚೆನ್ನಾಗಿ ಎಸೆದದ್ದು ಎರಡನೇ ಗುಂಪು! ದೂರ ಬದಲಾದಾಗಲೆಲ್ಲ ಎಷ್ಟು ಬಲ ಹಾಕಬೇಕು ಎಂದು ಮಗು ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ. ಕಲಿಕೆ ಆ ಲೆಕ್ಕದಲ್ಲಿದೆ. ಬೀಸುಬಲೆ ಕಲಿಯುವ ಹುಡುಗನಿಗೆ ನೀರಿನ ಸೆಳೆತ, ಆಳ, ಕಾಲಡಿಯ ಮರಳು ಇದನ್ನು ತಾವಾಗಿ ಕಲಿಸುತ್ತವೆ, ಅಲ್ವಾ? ಮೈದಾನದಲ್ಲಿ ನಾವೇ ಕಲಿಸಬೇಕು.

ನಮ್ಮ ಕಡೆ ಅದಕ್ಕೆ ಕಡಲಗಾಳಿಯೇ ಸಾಕು. ಬೆಳಿಗ್ಗೆ ತಣ್ಣಗಿರುವ ಮೈದಾನಕ್ಕೆ ಮಧ್ಯಾಹ್ನದ ಮೇಲೆ ಸಮುದ್ರದಿಂದ ಗಾಳಿ ನುಗ್ಗುತ್ತದೆ. ಗಾಳಿ ಎದ್ದರೆ ಅಭ್ಯಾಸ ನಿಲ್ಲಿಸಬೇಡಿ. ಅಂಕಣದ ಎರಡೂ ಬದಿಯಿಂದ ಹೊಡೆಸಿ. ಗೆರೆಯ ಹತ್ತಿರದಿಂದ, ಎರಡು ಹೆಜ್ಜೆ ಹಿಂದಿನಿಂದ, ಮೂಲೆಯಿಂದ ಹೊಡೆಸಿ. ಒಂದು ಸರ್ವಿಸ್, ಒಂದು ಪಾಸ್, ಒಂದು ಲಿಫ್ಟ್ (ಹೊಡೆಯುವವರಿಗೆ ಚೆಂಡು ಎತ್ತಿಕೊಡುವುದು) ಎಂದು ಬೆರೆಸಿ. ಹೀಗೆ ಬೆರೆಸಿದರೆ ಆ ದಿನ ತಪ್ಪು ಜಾಸ್ತಿ ಆಗುತ್ತದೆ, ಪಾಲಕರು ಹುಬ್ಬು ಗಂಟಿಕ್ಕುತ್ತಾರೆ. ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು 1979ರಲ್ಲಿ ಕಂಡದ್ದೂ ಇದನ್ನೇ: ಬೆರೆಸಿ ಕಲಿತವರು ಅಭ್ಯಾಸದಲ್ಲಿ ಹಿಂದೆ ಬಿದ್ದರು, ದಿನಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಹಾಗಾಗಿ ಇವತ್ತಿನ ಆಟ ನೋಡಿ ಕಲಿಕೆ ಅಳೆಯಬೇಡಿ. ಮುಂದಿನ ವಾರ ಏನೂ ಹೇಳದೆ ಒಂದು ಸರ್ವಿಸ್ ಹೊಡೆಸಿ ನೋಡಿ.

ಇನ್ನು ನಮ್ಮ ಬಾಯಿ. ಪ್ರತಿ ಹೊಡೆತಕ್ಕೂ "ಮೊಣಕೈ ಎತ್ತು, ಮಣಿಕಟ್ಟು ಬಿಗಿ" ಎಂದು ಕೂಗಿದರೆ ಮಗು ನಮ್ಮ ಮಾತಿಗೇ ಕಾಯುತ್ತದೆ, ತನ್ನ ಮೈ ಹೇಳುವುದನ್ನು ಕೇಳುವುದಿಲ್ಲ. ನಾನು ಮೂರ್ನಾಲ್ಕು ಹೊಡೆತ ಸುಮ್ನೆ ನೋಡುತ್ತೇನೆ. ಆಮೇಲೆ "ಏನಾಯ್ತು ತಂಗಿ, ನೀನೇ ಹೇಳು" ಅನ್ನುತ್ತೇನೆ. "ಚೆಂಡು ತೀರಾ ಮುಂದೆ ಹಾರಿಸಿದೆ ಅಕ್ಕೋರೆ" ಎಂದು ಅವಳೇ ಹೇಳಿದರೆ ಅರ್ಧ ಕೆಲಸ ಮುಗಿಯಿತು. ಹೇಳಲೇಬೇಕಾದಾಗ ಕೈಕಾಲಿನ ಬದಲು ಗುರಿಯ ಮಾತಾಡಿ: "ಚೆಂಡನ್ನು ಆ ಹಿಂದಿನ ಮೂಲೆಗೆ ಕಳಿಸು." ಗಮನ ಮೈಮೇಲಿರುವುದಕ್ಕಿಂತ ಹೊರಗಿನ ಗುರಿಯ ಮೇಲಿದ್ದಾಗ ಚಲನೆ ಸಲೀಸಾಗುತ್ತದೆ ಎಂದು ಚಲನೆಯ ಕಲಿಕೆಯ ಸಂಶೋಧಕಿ ಗೇಬ್ರಿಯೆಲ್ ವುಲ್ಫ್ ಅವರ ಅಧ್ಯಯನಗಳು ತೋರಿಸಿವೆ.

ಜೂನ್, ಜುಲೈನಲ್ಲಿ ಮೈದಾನ ಕೆಸರಿನ ಗದ್ದೆಯಾಗುತ್ತದೆ. ಆಗ ವರಾಂಡದ ಗೋಡೆ ಸಾಕು. ಸೀಮೆಸುಣ್ಣದಲ್ಲಿ ಬೇರೆ ಬೇರೆ ಎತ್ತರಕ್ಕೆ ಮೂರು ವೃತ್ತ ಬರೆಯಿರಿ. ಟೆನಿಸ್ ಚೆಂಡು, ಹಳೇ ವಾಲಿಬಾಲ್, ಬಟ್ಟೆಯ ಚೆಂಡು, ಯಾವುದು ಕೈಗೆ ಸಿಕ್ಕರೆ ಅದು. ಯಾವ ವೃತ್ತ ಎಂಬುದನ್ನು ಮಗು ಎಸೆಯಲು ಕೈ ಎತ್ತುವ ಹೊತ್ತಿಗೆ ಕೂಗಿ ಹೇಳಿ.