ಸೀಳಿದ ಎಂಜಿನ್ ತೋರಿಸಿದರೆ ಸೀಟು ತುಂಬುವುದಿಲ್ಲ

ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ಹೊತ್ತಿಗೆ ದಾವಣಗೆರೆ, ಚಿತ್ರದುರ್ಗದ ಕಡೆ ಡಿಪ್ಲೊಮಾ ಸೀಟು ತುಂಬಿಸಲು ಪಾಲಿಟೆಕ್ನಿಕ್ಕುಗಳ ಆಟೊಮೊಬೈಲ್ ವಿಭಾಗದವರ ಓಡಾಟ ಜೋರಾಗುತ್ತದೆ. ಫ್ಲೆಕ್ಸ್ ಕಟ್ಟಿಸಿ, ಕರಪತ್ರ ಹಂಚಿ, ಜಗಳೂರು, ಚಳ್ಳಕೆರೆಯ ಮಕ್ಕಳನ್ನು ಬಸ್ಸಿನಲ್ಲಿ ಕರೆತಂದು, ಲ್ಯಾಬಿನಲ್ಲಿ ಒಳಭಾಗ ಕಾಣುವಂತೆ ಸೀಳಿ ಕೆಂಪು ನೀಲಿ ಬಣ್ಣ ಬಳಿದ ಎಂಜಿನ್ ಮುಂದೆ ನಿಲ್ಲಿಸುತ್ತಾರೆ. ಹಿಡಿ ತಿರುಗಿಸಿದರೆ ಪಿಸ್ಟನ್ ಏರಿಳಿಯುತ್ತದೆ. ಮಕ್ಕಳು ಎರಡು ನಿಮಿಷ ನೋಡಿ, ಸೆಲ್ಫಿ ಹೊಡೆದುಕೊಂಡು ಕಂಪ್ಯೂಟರ್ ಸೈನ್ಸ್ ಕಡೆ ನಡೆಯುತ್ತಾರೆ. ಆಮೇಲೆ ‘ಈಗಿನ ಹುಡುಗರಿಗೆ ಆಸಕ್ತಿಯೇ ಇಲ್ಲ’ ಎಂದು ಗೊಣಗಾಟ. ಆಸಕ್ತಿ ಇದೆ ಸ್ವಾಮಿ, ಅವರಿಗೆ ಮಾಡಲು ನೀವು ಏನೂ ಕೊಡಲಿಲ್ಲ ಅಷ್ಟೆ.

ಕೆಟ್ಟ ಗಾಡಿ ಕೊಡಿ. ಎಂಪಿಎಫ್ಐ (ಕಂಪ್ಯೂಟರ್ ಹೇಳಿದಂತೆ ಇಂಧನ ಚಿಮ್ಮಿಸುವ) ಪೆಟ್ರೋಲ್ ಕಾರು ಒಂದು, ವೋಲ್ಟೇಜು, ರೋಧ ಅಳೆಯುವ ಮಲ್ಟಿಮೀಟರ್ ಒಂದು, ಕಾರಿನ ದೋಷದ ಕೋಡ್ ಓದುವ ಒಬಿಡಿ ಸ್ಕ್ಯಾನರ್ ಒಂದು ಸಾಕು. ಒಂದು ಕಾರಿಗೆ ಐದು ಮಕ್ಕಳಿಗಿಂತ ಹೆಚ್ಚು ಬೇಡ, ಆರನೆಯವನು ಮೊಬೈಲ್ ನೋಡುತ್ತಾನೆ. ಇಗ್ನಿಷನ್ ಆಫ್ ಮಾಡಿ, ಥರ್ಮೋಸ್ಟಾಟ್ ಹತ್ತಿರ ಇರುವ ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ತಾಪಮಾನ ಸೆನ್ಸರ್‌ನ ಎರಡು ಪಿನ್ನಿನ ಕನೆಕ್ಟರ್ ಕಿತ್ತಿಡಿ. ಎಂಜಿನ್ ಚಾಲೂ ಮಾಡಿದರೆ ಚೆಕ್ ಎಂಜಿನ್ ದೀಪ ಹತ್ತುತ್ತದೆ. ಬಹಳ ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ಸುಮ್ಮನೆ ತಿರುಗತೊಡಗುತ್ತದೆ. ಡ್ಯಾಶ್‌ಬೋರ್ಡ್ ಕೆಳಗಿನ 16 ಪಿನ್ನಿನ ಪೋರ್ಟಿಗೆ ಸ್ಕ್ಯಾನರ್ ಚುಚ್ಚಿದರೆ ಪಿ0118, ಅಂದರೆ ಈ ಸೆನ್ಸರಿನ ಸರ್ಕಿಟ್ ಕೆಟ್ಟಿದೆ ಎನ್ನುವ ಕೋಡ್. ಲೈವ್ ಡೇಟಾದಲ್ಲಿ ಕೂಲೆಂಟ್ ತಾಪಮಾನ ಮೈನಸ್ 40 ಡಿಗ್ರಿ! ಹೊರಗೆ ದಾವಣಗೆರೆಯ ಮೇ ತಿಂಗಳ ಬಿಸಿಲು. ಮಕ್ಕಳು ನಗುತ್ತಾರೆ. ನಕ್ಕವರನ್ನೇ ಕೇಳಿ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೀಗೇಕೆ ಸುಳ್ಳು ಹೇಳುತ್ತಿದೆ ಅಂತ.

ಎಲ್ಲರೂ ಎಡವುವುದು ಇಲ್ಲೇ. ಮೇಷ್ಟ್ರು ಬಾಯಿ ಬಿಡುತ್ತಾರೆ. ಎನ್‌ಟಿಸಿ ಥರ್ಮಿಸ್ಟರ್ (ಬಿಸಿಗೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಬಿಡಿಭಾಗ), ತಣ್ಣಗಿದ್ದಾಗ ರೋಧ ಹೆಚ್ಚು, ಬಿಸಿಯಾದರೆ ಕಡಿಮೆ, ತಂತಿ ಕಡಿದರೆ ರೋಧ ಅಪಾರ, ಆದ್ದರಿಂದ ಇಸಿಯು ವಿಪರೀತ ಚಳಿ ಎಂದುಕೊಳ್ಳುತ್ತದೆ, ಹೀಗೆ ಒಂದೇ ಉಸಿರಿಗೆ ಎಲ್ಲ ಒಪ್ಪಿಸಿ ಆಟ ಕೆಡಿಸುತ್ತಾರೆ. ದಯವಿಟ್ಟು ಹತ್ತು ನಿಮಿಷ ಸುಮ್ಮನಿರಿ. ಕನೆಕ್ಟರಿಗೆ ಮಲ್ಟಿಮೀಟರ್ ಹಿಡಿದು ಅವರೇ ಸುಮಾರು 5 ವೋಲ್ಟ್ ಕಾಣಲಿ. ಸೆನ್ಸರಿನ ರೋಧ ಅವರೇ ಅಳೆಯಲಿ: 20 ಡಿಗ್ರಿಯಲ್ಲಿ ಸಾಮಾನ್ಯವಾಗಿ ಎರಡು ಎರಡೂವರೆ ಕಿಲೋಓಮ್, 80ರ ಹೊತ್ತಿಗೆ ಮುನ್ನೂರು ಓಮಿನ ಆಸುಪಾಸು. ತಪ್ಪು ಊಹಿಸಿದರೆ ಊಹಿಸಲಿ. ಹತ್ತನೇ ತರಗತಿಯಲ್ಲಿ ಉರು ಹೊಡೆದ ಓಮ್‌ನ ನಿಯಮ ಇಲ್ಲಿ ಕೆಲಸಕ್ಕೆ ಬಂತು ಎಂದು ಗೊತ್ತಾದ ಹುಡುಗಿ ಮನೆಗೆ ಹೋಗಿ ಅದನ್ನೇ ಹೇಳುತ್ತಾಳೆ. ನಿಮ್ಮ ಕರಪತ್ರದ ಮಾತನ್ನು ಯಾರೂ ಹೇಳುವುದಿಲ್ಲ.

ಹಿಂದಿನ ದಿನವೇ ಅದೇ ಕಾರಿನಲ್ಲಿ ಒಮ್ಮೆ ಮಾಡಿ ನೋಡಿಕೊಳ್ಳಿ. ಕೆಲವು ಇಸಿಯು ಕಿತ್ತ ಸೆನ್ಸರ್ ಬದಲು ತನ್ನದೇ ಅಂದಾಜು ಅಂಕಿ ತೋರಿಸಿಬಿಡುತ್ತವೆ. ಆಗ ಮೈನಸ್ 40 ಕಾಣದೆ ನಿಮಗೇ ಮುಜುಗರ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಅಡ್ಡ ಇಡಿ, ಶೆಡ್ಡಿನ ಬಾಗಿಲು ತೆರೆದಿರಲಿ. ದುಪಟ್ಟಾ, ಸಡಿಲ ತೋಳು ಫ್ಯಾನಿನ ಹತ್ತಿರ ಬರಕೂಡದು. ಬಿಸಿ ರೇಡಿಯೇಟರ್ ಮುಚ್ಚಳ ಮುಟ್ಟಬಾರದು. ಎಲೆಕ್ಟ್ರಿಕ್ ಕಾರಿನ ಭಾರಿ ವೋಲ್ಟೇಜಿನ ಕಿತ್ತಳೆ ಕೇಬಲ್ಲಿಗೆ ಮಕ್ಕಳನ್ನು ಕೈ ಹಾಕಿಸುವ ಧೈರ್ಯ ಯಾರೂ ಮಾಡಬೇಡಿ, ಅದು ತರಬೇತಾದವರ ಕೆಲಸ.

ಇನ್ನು ಅಪ್ಪ ಅಮ್ಮ. ಅವರನ್ನು ಸೆಮಿನಾರ್ ಹಾಲಿನಲ್ಲಿ ಕೂರಿಸಿ ಚಹಾ ಕೊಡುವುದಕ್ಕಿಂತ ಕಾರಿನ ಪಕ್ಕವೇ ಕುರ್ಚಿ ಹಾಕಿ. ‘ಗ್ಯಾರೇಜಿಗೆ ಬಿಟ್ಟರೆ ಸಾಲದೇನ್ರಿ, ಡಿಪ್ಲೊಮಾ ಯಾಕೆ?’ ಎಂದು ಕೇಳುವವರು ದಡ್ಡರಲ್ಲ. ಹೆದ್ದಾರಿ ಬದಿಯ ಲಾರಿ ಗ್ಯಾರೇಜಿನಲ್ಲಿ ಕೈತುಂಬ ದುಡಿಯುವವರನ್ನು ಅವರು ಕಣ್ಣಾರೆ ಕಂಡಿದ್ದಾರೆ. ಗ್ಯಾರೇಜನ್ನು ಹಳಿಯಬೇಡಿ. ದಾರಿಗಳನ್ನು ಬಿಡಿಸಿ ಹೇಳಿ: ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಸೇರಬಹುದು, ಎರಡು ವರ್ಷದ ಐಟಿಐ ಮಾಡಿದವರಿಗೆ ಡಿಪ್ಲೊಮಾ ಎರಡನೇ ವರ್ಷದ ಪ್ರವೇಶವಿದೆ, ಮೋಟಾರು ವಾಹನ ನಿರೀಕ್ಷಕ ಹುದ್ದೆಗೂ ಆಟೊಮೊಬೈಲ್ ಅಥವಾ ಮೆಕ್ಯಾನಿಕಲ್ ಡಿಪ್ಲೊಮಾ ಬೇಕು. ಅರ್ಹತೆಯ ಸಣ್ಣಪುಟ್ಟ ಷರತ್ತು ಬದಲಾಗುತ್ತಿರುತ್ತದೆ, ಆಯಾ ವರ್ಷದ ಅಧಿಸೂಚನೆ ನೋಡದೆ ಭರವಸೆ ಕೊಡಬೇಡಿ. ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಅಂತೂ ಬಾಯಲ್ಲಿ ಬರಲೇಬಾರದು. ಹಿಂದಿನ ಬ್ಯಾಚಿನಲ್ಲಿ ಎಷ್ಟು ಜನ, ಎಲ್ಲಿ, ಎಷ್ಟು ಸಂಬಳಕ್ಕೆ ಸೇರಿದರು ಎಂಬ ಪಟ್ಟಿಯನ್ನೇ ಮುಂದಿಡಿ.

ಫೀಸು, ಹಾಸ್ಟೆಲ್, ಪರೀಕ್ಷಾ ಶುಲ್ಕ, ಬಸ್ ಪಾಸು ಎಲ್ಲ ಒಂದೇ ಹಾಳೆಯಲ್ಲಿ ಬರೆದು ಕೈಗಿಡಿ. ಹೆಣ್ಣುಮಕ್ಕಳ ತಾಯಂದಿರು ಕೇಳುವ ಮೊದಲ ಪ್ರಶ್ನೆ ಎಂಜಿನ್ನಿನದಲ್ಲ, ಸಂಜೆ ಊರಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದು. ಅದನ್ನು ಉತ್ತರಿಸಲು ಅದೇ ಬಸ್ಸಿನಲ್ಲಿ ಬರುವ ಹಿರಿಯ ವಿದ್ಯಾರ್ಥಿನಿಯನ್ನು ನಿಲ್ಲಿಸಿ. ವಾರದೊಳಗೆ ಮನೆಗೆ ಫೋನ್ ಮಾಡಬೇಕಾದವರು ಕಾರಿನ ಪಕ್ಕ ನಿಂತಿದ್ದ ಉಪನ್ಯಾಸಕರೇ, ಕಚೇರಿಯ ಗುಮಾಸ್ತರಲ್ಲ.