ಮಗುವಿನ ಮೂಗು ತೊಳೆದ ನೀರು ಮತ್ತು ಮೈಕ್ರೊ ಆರ್‌ಎನ್‌ಎ

"ವೈರಸ್ ಸೋಂಕಾದ ಮಕ್ಕಳಲ್ಲಿ ಮಿರ್-155 ಜಾಸ್ತಿಯಾಗುತ್ತದೆ." ಮಿರ್-155 ಒಂದು ಮೈಕ್ರೊ ಆರ್‌ಎನ್‌ಎಯ ಹೆಸರು, ಇದನ್ನು ಮಗುವಿನ ಮೂಗು ತೊಳೆದ ನೀರಿನಲ್ಲಿ ಅಳೆಯುತ್ತಾರೆ. ಈ ಸಾಲನ್ನು ಮೊದಲು ಓದಿದಾಗ ನಾನು ಅಲ್ಲೇ ನಿಂತೆ. ಜಾಸ್ತಿಯಾಗುವುದು ಎಲ್ಲಿ? ಯಾವ ಕೋಶದಲ್ಲಿ? ಇಡೀ ವಿಷಯದ ಗಂಟು ಇರುವುದೇ ಇಲ್ಲಿ ಅಂತ ನನಗೆ ಅನ್ನಿಸುತ್ತದೆ.

ಮೂಲ ವಿಷಯ ಬೇಗ ಮುಗಿಸೋಣ. ಮೈಕ್ರೊ ಆರ್‌ಎನ್‌ಎ ಅಂದರೆ ಸುಮಾರು 22 ಅಕ್ಷರಗಳ (ಎ, ಯು, ಜಿ, ಸಿ ಎಂಬ ರಾಸಾಯನಿಕ ಘಟಕಗಳ) ಪುಟ್ಟ ಆರ್‌ಎನ್‌ಎ ತುಣುಕು. ಅದರಿಂದ ಪ್ರೋಟೀನ್ ತಯಾರಾಗುವುದಿಲ್ಲ. ಪ್ರೋಟೀನ್ ತಯಾರಿಸಲು ಹೊರಟ ಎಂಆರ್‌ಎನ್‌ಎಯನ್ನು (ಜೀನ್‌ನ ಸಂದೇಶ ಹೊತ್ತ ಆರ್‌ಎನ್‌ಎಯನ್ನು) ಹಿಡಿದು ಬಾಯಿ ಕಟ್ಟುವುದೇ ಅದರ ಕೆಲಸ. 1993ರಲ್ಲಿ ಇದು ಮೊದಲು ಸಿಕ್ಕಿದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ಇದಕ್ಕಾಗಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರ ನೊಬೆಲ್ ಬಂತು. ಡ್ರೋಷಾ, ಡೈಸರ್ ಎಂಬ ಎರಡು ಕಿಣ್ವಗಳು ಇದನ್ನು ಕತ್ತರಿಸಿ ಅಳತೆಗೆ ತರುತ್ತವೆ. ಆರ್ಗೊನಾಟ್ ಎಂಬ ಪ್ರೋಟೀನ್ ಇದನ್ನು ಹಿಡಿದುಕೊಂಡು ಗುರಿ ಹುಡುಕುತ್ತದೆ.

ಗುರಿ ಗೊತ್ತಾಗುವುದು ಹೇಗೆ? 2ರಿಂದ 8ನೇ ಅಕ್ಷರದವರೆಗಿನ ತುಂಡು ಮುಖ್ಯ. ಇದನ್ನು ಬೀಜಭಾಗ ಅನ್ನಬಹುದು. ಮಿರ್-155ರಲ್ಲಿ ಅದು ಯು-ಎ-ಎ-ಯು-ಜಿ-ಸಿ-ಯು. ಇದನ್ನು ಹಿಂದುಮುಂದಾಗಿಸಿ ಜೋಡಿ ಅಕ್ಷರ (ಎ-ಗೆ ಯು, ಜಿ-ಗೆ ಸಿ) ಬರೆಯಿರಿ: ಎ-ಜಿ-ಸಿ-ಎ-ಯು-ಯು-ಎ. ಎಂಆರ್‌ಎನ್‌ಎಯ ಬಾಲದ ಕಡೆ ಈ ಸಾಲು ಇದ್ದರೆ ಮಿರ್-155 ಅಲ್ಲಿ ಅಂಟಬಹುದು. ಪೆನ್ನು ಹಿಡಿದು ಒಂದು ಸಲ ಬರೆದು ನೋಡಿ, ಸುಮ್ನೆ ಓದಿದರೆ ತಲೆಗೆ ಹತ್ತುವುದಿಲ್ಲ.

ಮಿರ್-155 ಹಿಡಿಯುವ ಗುರಿಗಳಲ್ಲಿ ಸಾಕ್ಸ್-1 ಎಂಬ ಪ್ರೋಟೀನಿನ ಎಂಆರ್‌ಎನ್‌ಎ ಒಂದು. ಈ ಪ್ರೋಟೀನ್ ಇಂಟರ್‌ಫೆರಾನ್ ಸಂಕೇತಕ್ಕೆ, ಅಂದರೆ ವೈರಸ್ ಬಂದಾಗ ಕೋಶಗಳು ಕೊಡುವ ಎಚ್ಚರಿಕೆಗೆ ಬ್ರೇಕ್. ಬ್ರೇಕ್ ಸಡಿಲವಾದರೆ ವೈರಸ್ ವಿರುದ್ಧದ ಸಂಕೇತ ಜೋರಾಗುತ್ತದೆ. ಚಿಕ್ಕ ಮಕ್ಕಳ ಮೂಗಿನ ದ್ರವದಲ್ಲಿ ಮಿರ್-155 ಹೆಚ್ಚಿದ್ದಾಗ ಇಂಟರ್‌ಫೆರಾನ್ ಗಾಮಾ (ಇಂಟರ್‌ಫೆರಾನ್‌ನ ಒಂದು ಬಗೆ) ಕೂಡ ಹೆಚ್ಚಿರುವುದು ಕಂಡುಬಂದಿದೆ. ಎರಡೂ ಒಟ್ಟಿಗೆ ಏರಿದವು ಅಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಂತಲ್ಲ, ಅಲ್ವಾ?

ಈ ಬ್ರೇಕ್ ಎಷ್ಟು ಬಿಗಿ, ಎಷ್ಟು ಸಡಿಲ ಅನ್ನುವ ಹದ ಮಕ್ಕಳಲ್ಲಿ ಯಾಕೆ ಅಷ್ಟು ಮುಖ್ಯ? ಉರಿಯೂತ ಕಡಿಮೆಯಾದರೆ ವೈರಸ್ ಬೆಳೆಯುತ್ತದೆ, ಜಾಸ್ತಿಯಾದರೆ ಉಸಿರಿನ ದಾರಿ ಮುಚ್ಚುತ್ತದೆ. 4 ಮಿಲಿಮೀಟರ್ ಅಗಲದ ನಾಳದ ಗೋಡೆ ಸುತ್ತಲೂ 1 ಮಿಲಿಮೀಟರ್ ಊದಿದರೆ 2 ಮಿಲಿಮೀಟರ್ ಮಾತ್ರ ಉಳಿಯುತ್ತದೆ. ಗಾಳಿ ಸುಳಿಯಿಲ್ಲದೆ ನೇರವಾಗಿ ಹರಿಯುತ್ತಿದ್ದರೂ ಅಡೆತಡೆ 16 ಪಟ್ಟು ಏರುತ್ತದೆ. 8 ಮಿಲಿಮೀಟರ್ ನಾಳಕ್ಕೆ ಅಷ್ಟೇ ಊತ ಬಂದರೆ ಏರಿಕೆ ಸುಮಾರು 3 ಪಟ್ಟು ಮಾತ್ರ. ಕೂಸು ಪಕ್ಕೆ ಎಳೆದುಕೊಂಡು ಉಸಿರಾಡುವುದನ್ನು ನೋಡಿದವರಿಗೆ ಈ ಲೆಕ್ಕ ಬರೀ ಲೆಕ್ಕವಾಗಿ ಕಾಣುವುದಿಲ್ಲ.

ಈಗ ಗಂಟಿಗೆ ಬರೋಣ. ಮೂಗಿಗೆ ಸ್ವಲ್ಪ ಸಲೈನ್ (ಉಪ್ಪುನೀರು) ಬಿಟ್ಟು ವಾಪಸ್ ಎಳೆದ ನೀರಿನಲ್ಲಿ ಒಳಪದರದ ಕೋಶಗಳು, ಬಿಳಿ ರಕ್ತಕಣಗಳು, ಲೋಳೆ ಎಲ್ಲ ಬೆರೆತಿರುತ್ತವೆ. ಸೋಂಕಾದಾಗ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗಿ ಬರುತ್ತವೆ. ಅವುಗಳಲ್ಲಿ ಮಿರ್-223 ಎಂಬ ಇನ್ನೊಂದು ಮೈಕ್ರೊ ಆರ್‌ಎನ್‌ಎ ತುಂಬಿರುತ್ತದೆ. ಆಗ ಯಾವ ಕೋಶವೂ ಹೊಸದಾಗಿ ಏನೂ ಮಾಡದಿದ್ದರೂ ಮಿರ್-223 ಏರಿದಂತೆ ಕಾಣುತ್ತದೆ. ಮಿರ್-34 ಗುಂಪಿನದು ಇದರ ಉಲ್ಟಾ ಕಥೆ. ಲೋಳೆಯನ್ನು ತಳ್ಳುವ ಸೂಕ್ಷ್ಮ ರೋಮಗಳು ಬೆಳೆಯಲು ಈ ಗುಂಪು ಬೇಕು. ಆರ್‌ಎಸ್‌ವಿ (ಉಸಿರಾಟದ ದಾರಿಗೆ ಸೋಂಕು ತರುವ ಒಂದು ವೈರಸ್) ತಗುಲಿದ ಶಿಶುಗಳ ಮೂಗಿನಲ್ಲಿ ಇದು ಇಳಿದಿರುವುದು ಕಂಡಿದೆ. ಆದರೆ ಆರ್‌ಎಸ್‌ವಿ ಹೊಕ್ಕುವುದೇ ರೋಮವಿರುವ ಕೋಶಗಳಿಗೆ, ಅವು ಉದುರಿಯೂ ಹೋಗುತ್ತವೆ. ಇಳಿದದ್ದು ಮಿರ್-34ಓ, ಅದನ್ನು ಹೊತ್ತ ಕೋಶಗಳೋ?

ಹಾಗಾಗಿ ಫಲಿತಾಂಶದ ಪಕ್ಕದಲ್ಲಿ ಕೋಶಗಳ ಎಣಿಕೆ ಇದೆಯಾ ಅಂತ ಮೊದಲು ನೋಡಿ. ಕೆಲವರು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಕೋಶಗಳನ್ನು ತಳಕ್ಕೆ ಕೂರಿಸಿ, ಮೇಲಿನ ದ್ರವದಲ್ಲಿರುವ ಎಕ್ಸೊಸೋಮ್‌ಗಳನ್ನು ಬೇರೆಯಾಗಿ ಅಳೆಯುತ್ತಾರೆ. ಇವು ಕೋಶಗಳು ಹೊರಗೆ ಕಳಿಸುವ ಪುಟ್ಟ ಪೊಟ್ಟಣಗಳು, ಒಳಗೆ ಮೈಕ್ರೊ ಆರ್‌ಎನ್‌ಎ ಕೂಡ ಇರುತ್ತದೆ. ಆಗ ಕೋಶಗಳ ಬೆರಕೆ ತಪ್ಪುತ್ತದೆ, ಆದರೆ ಆ ಪೊಟ್ಟಣ ಕಳಿಸಿದ ಕೋಶ ಯಾವುದು ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ.