"ಮನಸ್ಸೇ ಬರ್ತಿಲ್ಲ ಮೇಡಂ" ಅಂದಾಗ ಮೊದಲು ನಾಡಿ ನೋಡಬೇಕು

ಸೆಮಿಸ್ಟರ್ ಶುರುವಾದ ಮೊದಲ ವಾರ ನನ್ನ ಕೋಣೆಗೆ ಯಾರೂ ಬರುವುದಿಲ್ಲ. ಹೊಸ ಯೂನಿಫಾರ್ಮ್, ಹೊಸ ಶೂ, ಕೈಯಲ್ಲಿ ಸೆಕೆಂಡಿನ ಮುಳ್ಳಿರುವ ಹೊಸ ವಾಚು. ಎಲ್ಲರಿಗೂ ಉತ್ಸಾಹ. ಎಂಟನೇ, ಒಂಬತ್ತನೇ ವಾರದ ಹೊತ್ತಿಗೆ ನೋಡಿ. ಮೊದಲ ಇಂಟರ್ನಲ್ಸ್ ಅಂಕ ಬಂದಿರುತ್ತದೆ, ವಾರ್ಡ್ ಪೋಸ್ಟಿಂಗ್ ನಡೆಯುತ್ತಿರುತ್ತದೆ, ಒಬ್ಬೊಬ್ಬ ರೋಗಿಯ ಆರೈಕೆಯ ಯೋಜನೆ, ಅಂದರೆ ಕೇರ್ ಪ್ಲಾನ್, ಬರೆಯುವುದು ಬಾಕಿ ಬಿದ್ದಿರುತ್ತದೆ. ಆಗ ಒಬ್ಬೊಬ್ಬರೇ ಬಾಗಿಲ ಹತ್ತಿರ ಬಂದು ನಿಲ್ಲುತ್ತಾರೆ. ಮಾತು ಮಾತ್ರ ಎಲ್ಲರದೂ ಒಂದೇ. "ಮೇಡಂ, ಓದೋಕೆ ಮನಸ್ಸೇ ಬರ್ತಿಲ್ಲ."

ನಾನು ಬಿಎಸ್ಸಿ ನರ್ಸಿಂಗ್ ಮಕ್ಕಳಿಗೆ ಪಾಠ ಮಾಡುತ್ತೇನೆ. ಜೊತೆಗೆ ಪ್ರತಿ ಬ್ಯಾಚಿನಲ್ಲಿ ಹತ್ತು ಹನ್ನೆರಡು ಮಕ್ಕಳಿಗೆ ಮೆಂಟರ್, ಅಂದರೆ ಮಾರ್ಗದರ್ಶಕಿ, ಆಗಿರುತ್ತೇನೆ. ಈ ಕೆಲಸದ ಮೊದಲ ವರ್ಷಗಳಲ್ಲಿ "ಮನಸ್ಸಿಲ್ಲ" ಅಂತ ಬಂದವರಿಗೆ ನಾನು ಭಾಷಣ ಮಾಡುತ್ತಿದ್ದೆ. ಫ್ಲಾರೆನ್ಸ್ ನೈಟಿಂಗೇಲ್, ದೀಪ, ಸೇವೆ, ತ್ಯಾಗ. ಮಕ್ಕಳು ತಲೆ ಆಡಿಸಿ ಹೋಗುತ್ತಿದ್ದರು. ಆಗ ಒಬ್ಬ ಹುಡುಗಿ ಮೂರು ಸಲ ಬಂದಿದ್ದಳು. ಮೂರು ಸಲವೂ ಧೈರ್ಯ ಹೇಳಿ ಕಳಿಸಿದೆ. ನಾಲ್ಕನೇ ಸಲ ಅವಳು ಬರಲಿಲ್ಲ, ಊರಿಗೆ ಹೋಗಿಬಿಟ್ಟಿದ್ದಳು. ಮೆಸ್ ದುಡ್ಡು ಕಟ್ಟಲಾಗದೆ ಎರಡು ತಿಂಗಳಿಂದ ಅವಳು ರಾತ್ರಿ ಊಟ ಬಿಟ್ಟಿದ್ದಳು ಎಂದು ಆಮೇಲೆ ರೂಮ್‌ಮೇಟ್ ಹೇಳಿದಳು. ನಾನು ಒಂದು ಸಲವೂ "ಊಟ ಆಯ್ತಾ?" ಅಂತ ಕೇಳಿರಲಿಲ್ಲ. ಆ ನೋವು ಇನ್ನೂ ನನ್ನೊಳಗಿದೆ.

ವಾರ್ಡಿನಲ್ಲಿ ರೋಗಿ "ಸುಸ್ತು ಸಿಸ್ಟರ್" ಅಂದರೆ ನಾವು ಏನು ಮಾಡುತ್ತೇವೆ? "ಸುಸ್ತಾಗಬೇಡಿ, ಧೈರ್ಯವಾಗಿರಿ" ಅಂತ ಹೇಳಿ ಮುಂದಿನ ಬೆಡ್‌ಗೆ ಹೋಗುತ್ತೇವಾ? ಇಲ್ಲ ಅಲ್ವಾ. ನಾಡಿ ನೋಡುತ್ತೇವೆ, ಬಿಪಿ ನೋಡುತ್ತೇವೆ, ಯಾವಾಗಿಂದ, ಏನು ತಿಂದಿರಿ, ನಿದ್ದೆ ಬಂತಾ ಅಂತ ಕೇಳುತ್ತೇವೆ. ನರ್ಸಿಂಗ್ ಫೌಂಡೇಶನ್ ಪಾಠದಲ್ಲಿ ಕಲಿಸುವ ನರ್ಸಿಂಗ್ ಪ್ರೋಸೆಸ್ ಇದೇ ತಾನೆ? ಮೊದಲು ಅಸೆಸ್‌ಮೆಂಟ್, ಅಂದರೆ ನೋಡಿ ಕೇಳಿ ತಿಳಿದುಕೊಳ್ಳುವುದು, ಉಳಿದದ್ದೆಲ್ಲ ಆಮೇಲೆ. "ಮನಸ್ಸಿಲ್ಲ" ಅನ್ನುವುದೂ "ಸುಸ್ತು" ಇದ್ದ ಹಾಗೆ. ಅದರ ಹಿಂದೆ ಕೈಗೆ ಸಿಗುವ ಒಂದು ಕಾರಣ ಹೆಚ್ಚು ಕಡಿಮೆ ಯಾವಾಗಲೂ ಇರುತ್ತದೆ. ಅದನ್ನು ಹುಡುಕಿ ಕೊಡುವುದೇ ಮೆಂಟರ್ ಕೆಲಸ ಅಂತ ಈಗ ನಾನು ನಂಬಿದ್ದೇನೆ.

ನಮ್ಮ ಕಡೆ ಅತಿ ಹೆಚ್ಚು ಸಿಗುವ ಕಾರಣ ಭಾಷೆ. ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಿಂದ ಬಂದ ಹುಡುಗಿಯೊಬ್ಬಳ ಅನಾಟಮಿ ಪುಸ್ತಕ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪುಸ್ತಕದ ಪ್ರತಿ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಕನ್ನಡ ಅಕ್ಷರ. ಆರ್ಟರಿ ಮೇಲೆ ಅಪಧಮನಿ, ವೇನ್ ಮೇಲೆ ಅಭಿಧಮನಿ. ರೋಗದ ಹೆಸರಿಗಷ್ಟೇ ಅಲ್ಲ, 'ದೇರ್‌ಫೋರ್' ಅನ್ನುವುದಕ್ಕೂ ಅರ್ಥ ಬರೆದುಕೊಂಡಿದ್ದಳು. ಒಂದು ಪುಟಕ್ಕೆ ಎಷ್ಟು ಹೊತ್ತು ಬೇಕು ಅಂತ ಕೇಳಿದೆ. "ಎರಡು ತಾಸು ಮೇಡಂ" ಅಂದಳು. ಅವಳಿಗೆ ಮನಸ್ಸು ಇಲ್ಲದೇ ಏನಿರಲಿಲ್ಲ. ಒಂದು ಪುಟಕ್ಕೆ ಎರಡು ತಾಸು ಕೂರುವ ಹುಡುಗಿಗೆ ಆಸಕ್ತಿ ಇಲ್ಲ ಅಂತ ಹೇಗೆ ಹೇಳುವುದು? ಓದಿದಷ್ಟೂ ಹಿಂದೆ ಬೀಳುತ್ತಿದ್ದಳು, ಅಷ್ಟೇ.

ಅವಳಿಗೆ ಡಿಕ್ಷನರಿ ಪಕ್ಕಕ್ಕಿಡಲು ಹೇಳಿ ಶಬ್ದಗಳ ತುಂಡುಗಳನ್ನು ಕಲಿಸಿದೆ. ಕೊನೆಗೆ 'ಐಟಿಸ್' ಬಂದರೆ ಉರಿಯೂತ. 'ಎಕ್ಟಮಿ' ಅಂದರೆ ಕತ್ತರಿಸಿ ತೆಗೆಯುವುದು. 'ಹೆಪಾಟೋ' ಲಿವರ್, 'ನೆಫ್ರೋ' ಕಿಡ್ನಿ. 'ಟ್ಯಾಕಿ' ಅಂದರೆ ವೇಗ, 'ಬ್ರ್ಯಾಡಿ' ಅಂದರೆ ನಿಧಾನ. ಇಂಥ ಅರವತ್ತು ಎಪ್ಪತ್ತು ತುಂಡು ಗೊತ್ತಾದರೆ ಸಾವಿರಾರು ಶಬ್ದ ತಾನಾಗಿಯೇ ಬಿಡಿಸಿಕೊಳ್ಳುತ್ತವೆ. ದಿನಕ್ಕೆ ಐದು ಸಾಕು. ಇನ್ನೊಂದು ಮಾತೂ ಹೇಳಿದೆ. ಪುಸ್ತಕ ಮುಚ್ಚಿ ರೂಮ್‌ಮೇಟ್‌ಗೆ ಮೊದಲು ಕನ್ನಡದಲ್ಲಿ ಹೇಳು, ಆಮೇಲೆ ಅದನ್ನೇ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆ. ಬರೀ ಅಂಡರ್‌ಲೈನ್ ಮಾಡುತ್ತಾ ಓದಿದರೆ ಎಲ್ಲ ಗೊತ್ತಾದ ಹಾಗೆ ಅನಿಸುತ್ತದೆ. ಪುಸ್ತಕ ಮುಚ್ಚಿದಾಗಲೇ ಗೊತ್ತಿಲ್ಲದ್ದು ಕಾಣುವುದು.

ಆದರೆ ಅವಳನ್ನು ಎಬ್ಬಿಸಿ ನಿಲ್ಲಿಸಿದ್ದು ಇದ್ಯಾವುದೂ ಅಲ್ಲ, ಒಂದು ಬಿಪಿ. ಅಭ್ಯಾಸ ಮಾಡಿಸುವ ಸ್ಕಿಲ್ ಲ್ಯಾಬಿನಲ್ಲಿ ಬಿಪಿ ನೋಡುವಾಗ ಅವಳಿಗೆ ನಾಡಿಯ ಸದ್ದು ಕೇಳಿಸುತ್ತಲೇ ಇರಲಿಲ್ಲ. ನಾಚಿಕೆಗೆ ಬೇರೆಯವರ ರೀಡಿಂಗ್ ನೋಡಿ ಬರೆಯುತ್ತಿದ್ದಳು. ವಾರ್ಡಿನಲ್ಲಿ ಒಂದು ಬೆಳಗ್ಗೆ ನಾನು ಪಕ್ಕದಲ್ಲಿ ನಿಂತೆ. ವಯಸ್ಸಾದ ಅಜ್ಜಿಯೊಬ್ಬರು ಬೆಡ್ ಮೇಲೆ ಕೂತಿದ್ದರು. ಇವಳು ಸ್ಟೆತಸ್ಕೋಪಿನ ಇಯರ್‌ಪೀಸ್ ಹಿಂದು ಮುಂದಾಗಿ ಹಾಕಿಕೊಂಡಿದ್ದಳು. ಅದರ ತುದಿ ಮೂಗಿನ ಕಡೆಗೆ ಬಾಗಿರಬೇಕು. ಬಿಪಿ ಪಟ್ಟಿಯನ್ನು ಅಜ್ಜಿಯ ಸ್ವೆಟರ್ ಮೇಲೇ ಸುತ್ತಿದ್ದಳು. ತೋಳು ಬಿಡಿಸಿ, ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ ಪಟ್ಟಿ ಕಟ್ಟಿಸಿದೆ. ಒಳಬದಿಯಲ್ಲಿ ತೋಳಿನ ಅಪಧಮನಿ, ಬ್ರೇಕಿಯಲ್ ಆರ್ಟರಿ, ಎಲ್ಲಿ ಮಿಡಿಯುತ್ತದೆ ಅಂತ ಬೆರಳಿನಿಂದ ಹುಡುಕಿಸಿದೆ. ಮಣಿಕಟ್ಟಿನ ನಾಡಿ ನಿಲ್ಲುವವರೆಗೆ ಗಾಳಿ ಒತ್ತು, ಅದರ ಮೇಲೆ ಇನ್ನೂ ಮೂವತ್ತು ಏರಿಸು, ಈಗ ನಿಧಾನಕ್ಕೆ ಬಿಡು ಅಂದೆ. ಮುಳ್ಳು ಇಳಿಯುತ್ತಾ ಬಂತು. ಒಂದು ಜಾಗಕ್ಕೆ ಬಂದಾಗ ಅವಳ ಕಣ್ಣು ಅರಳಿತು. ಕೇಳಿಸಿಬಿಟ್ಟಿತ್ತು. ಅಜ್ಜಿ "ಎಷ್ಟ್ ಐತವ್ವಾ ನಂದು?" ಅಂದರು. ನೂರೈವತ್ತು ತೊಂಬತ್ತು ಅಂದಳು. ಸ್ಟಾಫ್ ಸಿಸ್ಟರ್ ಮತ್ತೆ ನೋಡಿದಾಗಲೂ ಅಷ್ಟೇ ಬಂತು.

ಅವತ್ತು ರಾತ್ರಿ ಅವಳು ಹೃದಯದ ಪಾಠ ತೆಗೆದು ಓದಿದಳು. ಹೃದಯ ಕುಗ್ಗುವ ಸಿಸ್ಟೋಲ್, ಹಿಗ್ಗುವ ಡಯಾಸ್ಟೋಲ್ ಬಾಯಿಪಾಠ ಮಾಡಬೇಕಾಗಲೇ ಇಲ್ಲ. ಎರಡನ್ನೂ ಕಿವಿಯಲ್ಲಿ ಕೇಳಿ ಬಂದಿದ್ದಳು. ಆಮೇಲೆ ನಾನು ನನ್ನ ಎಲ್ಲ ಮಕ್ಕಳಿಗೂ ಓದುವ ಕ್ರಮವನ್ನೇ ಬದಲಿಸಿ ಹೇಳಲು ಶುರು ಮಾಡಿದೆ. ಇವತ್ತು ವಾರ್ಡಿನಲ್ಲಿ ಯಾರನ್ನು ನೋಡಿಕೊಂಡಿರಿ? ಸಕ್ಕರೆ ಕಾಯಿಲೆಯವರಾ? ಹಾಗಾದರೆ ಇವತ್ತು ರಾತ್ರಿ ಪ್ಯಾಂಕ್ರಿಯಾಸ್, ಅಂದರೆ ಮೇದೋಜೀರಕ ಗ್ರಂಥಿ, ಓದಿ. ಸಿಲೆಬಸ್ಸಿನಲ್ಲಿ ಅದು ಎಷ್ಟನೇ ಯುನಿಟ್ ಅನ್ನುವುದು ಆಮೇಲೆ ನೋಡೋಣ. ಹುಮ್ಮಸ್ಸು ಬಂದ ಮೇಲೆ ಕೆಲಸ ಮಾಡೋಣ ಅಂತ ಕಾಯುವ ಮಕ್ಕಳನ್ನು ತುಂಬಾ ನೋಡಿದ್ದೇನೆ. ನರ್ಸಿಂಗಿನಲ್ಲಿ ಕೈಗೆ ಕೆಲಸ ಹತ್ತಿದ ಮೇಲೆಯೇ ಹುಮ್ಮಸ್ಸು ಬರುವುದು.

ಇನ್ನು ಲೆಕ್ಕದ ಮಾತು. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಬಿಎಸ್ಸಿ ನರ್ಸಿಂಗನ್ನು ಸೆಮಿಸ್ಟರ್ ಪದ್ಧತಿಗೆ ತಂದಿತು. ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಮೊದಲಿನ ಹಾಗೆ ವರ್ಷದ ಕೊನೆಗೆ ಎದ್ದು ಕೂತು ಓದಿ ಪಾಸಾಗುವ ಕಾಲ ಹೋಯಿತು. ಸೆಮಿಸ್ಟರಿಗೆ ಇಪ್ಪತ್ತು ವಾರ, ವಾರಕ್ಕೆ ನಲವತ್ತು ಗಂಟೆ. ಒಂದು ತಿಂಗಳು ಜಾರಿದರೆ ಐದರಲ್ಲಿ ಒಂದು ಭಾಗ ಹೋದ ಹಾಗೆ.

ಹಾಜರಾತಿಯ ವಿಷಯದಲ್ಲಂತೂ ಮಕ್ಕಳು ಸುಮ್ನೆ ಮೋಸ ಹೋಗುತ್ತಾರೆ. ಥಿಯರಿಗೂ ಪ್ರಾಕ್ಟಿಕಲ್‌ಗೂ, ಒಂದೊಂದು ವಿಷಯಕ್ಕೂ ಬೇರೆ ಬೇರೆಯಾಗಿ 80 ಪರ್ಸೆಂಟ್ ಇರಬೇಕು. ಎಲ್ಲ ಸೇರಿಸಿದ ಸರಾಸರಿ ನಡೆಯುವುದಿಲ್ಲ. ಅಪ್ಲೈಡ್ ಅನಾಟಮಿ 60 ಗಂಟೆ. ಅದರಲ್ಲಿ 12 ಗಂಟೆ ಮಾತ್ರ ತಪ್ಪಿಸಿಕೊಳ್ಳಬಹುದು. ಅಕ್ಕನ ಮದುವೆಗೆ ಒಂದು ವಾರ, ಊರ ಜಾತ್ರೆಗೆ ನಾಲ್ಕು ದಿನ, ಜ್ವರಕ್ಕೆ ಮೂರು ದಿನ ಅಂದರೆ ಆ ಗಂಟೆಗಳು ಬೇಗ ಕರಗುತ್ತವೆ. ಡಾಕ್ಟರ್ ಸರ್ಟಿಫಿಕೇಟ್ ಇದ್ದರೆ ಆಗುತ್ತದೆ ಅಂದುಕೊಂಡಿರುತ್ತಾರೆ. ನಿಯಮದಲ್ಲಿ ಗೈರುಹಾಜರಿಗೆ ಕಾರಣ ಯಾವುದಾದರೂ ಲೆಕ್ಕ ಒಂದೇ. ಕ್ಲಿನಿಕಲ್, ಅಂದರೆ ವಾರ್ಡಿನ ಡ್ಯೂಟಿ, ಅಂತೂ ಡಿಗ್ರಿ ಕೈಗೆ ಬರುವ ಮೊದಲು ನೂರಕ್ಕೆ ನೂರು ಮುಗಿದಿರಬೇಕು. ತಪ್ಪಿಸಿದ ಡ್ಯೂಟಿಯನ್ನು ರಜೆಯಲ್ಲಿ ಬಂದು ತೀರಿಸಬೇಕು. ಬಾಕಿ ಬಿದ್ದ ಡ್ಯೂಟಿ ನೆನೆಸಿಕೊಂಡೇ ಎಷ್ಟೋ ಮಕ್ಕಳಿಗೆ ಕಾಲೇಜು ಬೇಡ ಅನಿಸಿಬಿಡುತ್ತದೆ. ಅವರ "ಮನಸ್ಸಿಲ್ಲ" ಬಿಡಿಸಿ ನೋಡಿದರೆ ಒಳಗಿರುವುದು ಇಷ್ಟೇ, ಹದಿನಾಲ್ಕು ದಿನದ ಬಾಕಿ.

ಫೇಲಾದ ಮಕ್ಕಳ ಭಯವೂ ಹೀಗೆಯೇ. ಒಂದು ವಿಷಯದ ಥಿಯರಿ ಹೋದರೆ ಅದರ ಪ್ರಾಕ್ಟಿಕಲ್ ಪಾಸಾಗಿದ್ದರೂ ಎರಡನ್ನೂ ಮತ್ತೆ ಬರೆಯಬೇಕು. ಹಿಂದಿನದು ಬಾಕಿ ಇದ್ದರೂ ಮುಂದಿನ ಸೆಮಿಸ್ಟರಿನ ಕ್ಲಾಸಿಗೆ ಕೂರಬಹುದು. ಆದರೆ ಐದನೇ ಸೆಮಿಸ್ಟರಿನ ಪರೀಕ್ಷೆ ಬರೆಯುವ ಹೊತ್ತಿಗೆ ಹಿಂದಿನದೆಲ್ಲ ಪಾಸಾಗಿರಲೇಬೇಕು. ಏಳನೆಯದಕ್ಕೂ ಇದೇ ನಿಯಮ. ಕೋರ್ಸ್ ಮುಗಿಸಲು ಒಟ್ಟು ಎಂಟು ವರ್ಷದವರೆಗೆ ಅವಕಾಶ ಇದೆ. ಇದನ್ನು ಒಂದು ಹಾಳೆಯ ಮೇಲೆ ಬರೆದು ತೋರಿಸಿದರೆ ಸಾಕು, ಅರ್ಧ ಮಕ್ಕಳ ಮುಖ ಸಡಿಲವಾಗುತ್ತದೆ. ಎಲ್ಲಾ ಮುಗಿದೇ ಹೋಯ್ತು ಅಂದುಕೊಂಡು ಬಂದಿರುತ್ತಾರೆ. ಒಂದು ಪೇಪರ್ ಉಳಿದಿರುತ್ತದೆ, ಅಷ್ಟೇ.

ನಿದ್ದೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬೆಳಗ್ಗೆ ಎಂಟಕ್ಕೆ ವಾರ್ಡಿನಲ್ಲಿರಬೇಕಾದವರು ರಾತ್ರಿ ಎರಡರವರೆಗೆ ಕೂರಬಾರದು. ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಅಲ್ಲದೆ ನಿದ್ದೆಗೆಟ್ಟ ತಲೆಯಿಂದ ಔಷಧದ ಲೆಕ್ಕ ಮಾಡಲೇಬಾರದು. 500 ಎಂಎಲ್ ಡ್ರಿಪ್ ಎಂಟು ಗಂಟೆಯಲ್ಲಿ ಹೋಗಬೇಕು, ಡ್ರಿಪ್ಪಿನ ನಳಿಕೆಯ ಸೆಟ್ಟಿನಲ್ಲಿ ಒಂದು ಎಂಎಲ್‌ಗೆ 20 ಹನಿ. ನಿಮಿಷಕ್ಕೆ ಎಷ್ಟು? ಸುಮಾರು 21. ಇಂಥ ಒಂದೊಂದು ಲೆಕ್ಕವನ್ನು ದಿನಾ ಬೆಳಗ್ಗೆ ಕಾಫಿ ಕುಡಿಯುತ್ತಾ ಮಾಡಿ ಅನ್ನುತ್ತೇನೆ.

ಒಂದು ಕಾರಣವನ್ನು ಮಕ್ಕಳು ತಾವಾಗಿ ಹೇಳುವುದಿಲ್ಲ. ನಾವೇ ಗುರುತಿಸಬೇಕು. ಅದು ಅವರು ಕಂಡ ಮೊದಲ ಸಾವು. ಹದಿನೆಂಟು, ಹತ್ತೊಂಬತ್ತರ ಮಗು. ನಿನ್ನೆ ಹಾಸಿಗೆಯಲ್ಲೇ ಮೈ ಒರೆಸಿ ಬೆಡ್‌ಬಾತ್ ಕೊಟ್ಟು, ತಲೆ ಬಾಚಿದ ರೋಗಿ. ಇವತ್ತು ಬಂದು ನೋಡಿದರೆ ಬೆಡ್ ಖಾಲಿ. ಇಲ್ಲವೇ ಸೀನಿಯರ್ ಜೊತೆ ನಿಂತು ಕಣ್ಣು ಮುಚ್ಚಿಸಿ, ಬಟ್ಟೆ ಹೊದಿಸುವ ಕೆಲಸ ಅವರದೇ ಪಾಲಿಗೆ ಬರುತ್ತದೆ. ಅರ್ಧ ಗಂಟೆ ಬಿಟ್ಟು ಮುಂದಿನ ರೋಗಿಗೆ ಮಾತ್ರೆ ಕೊಡಬೇಕು. ಅತ್ತರೆ "ನರ್ಸ್ ಆಗೋಳು ಹೀಗೆ ಅತ್ತರೆ ಹೇಗೆ" ಅಂತ ಯಾರೋ ಅನ್ನುತ್ತಾರೆ. ಅದನ್ನು ಅನ್ನಬಾರದು. ಈ ಮಾತನ್ನು ನನ್ನ ಜೊತೆಯ ಟ್ಯೂಟರ್‌ಗಳಿಗೂ ಕೈ ಮುಗಿದು ಹೇಳುತ್ತೇನೆ. ಆ ದಿನ ಸಂಜೆ ಹತ್ತು ನಿಮಿಷ ಅವರನ್ನು ಕೂರಿಸಿಕೊಂಡು ಆ ರೋಗಿಯ ಬಗ್ಗೆ ಮಾತಾಡಿಸಿ. ಹೆಸರೇನಿತ್ತು, ನೀನು ಏನು ಮಾಡಿದ್ದೆ, ಅವರು ನಿನಗೆ ಏನು ಹೇಳಿದ್ದರು. ಮಾತಾಡಿದವರು ಮರುದಿನ ವಾರ್ಡಿಗೆ ಬರುತ್ತಾರೆ. ಒಳಗೇ ನುಂಗಿಕೊಂಡವರು ಎರಡು ವಾರ ಬಿಟ್ಟು "ಮನಸ್ಸಿಲ್ಲ" ಅಂತ ಬರುತ್ತಾರೆ.

ಎರಡು ವಾರಕ್ಕೂ ಮೀರಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂತಾದರೆ ಅದು ಮೆಂಟರ್ ಒಬ್ಬರೇ ನೋಡಿಕೊಳ್ಳುವ ವಿಷಯ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯುವುದಲ್ಲ, ಆ ಕ್ಷಣವೇ ಫೋನ್ ಮಾಡಿ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಿ. ಹಾಸ್ಟೆಲ್ ನೋಟಿಸ್ ಬೋರ್ಡಿನಲ್ಲಿ ಈ ನಂಬರನ್ನು ದೊಡ್ಡದಾಗಿ ಬರೆಸಿ ಹಾಕಿ ಅಂತ ಎಲ್ಲ ವಾರ್ಡನ್‌ಗಳನ್ನೂ ಕೇಳಿಕೊಳ್ಳುತ್ತೇನೆ.

ನೀಟ್‌ನಲ್ಲಿ ಸೀಟು ಸಿಗದೆ ಇಲ್ಲಿಗೆ ಬಂದವರು, "ಗಂಡು ಹುಡುಗನಿಗೆ ನರ್ಸಿಂಗಾ" ಅಂತ ಊರವರಿಂದ ಕೇಳಿಸಿಕೊಂಡವರು ಕೂಡ ಇದ್ದಾರೆ. ಅವರ ಜೊತೆ ಈಗಲೇ ಇಡೀ ಬದುಕಿನ ತೀರ್ಮಾನಕ್ಕೆ ಕೂರಬೇಡಿ. ಈ ಸೆಮಿಸ್ಟರ್ ಒಂದನ್ನು ಮುಗಿಸೋಣ, ಒಂದು ಪೋಸ್ಟಿಂಗ್ ಮನಸ್ಸಿಟ್ಟು ಮಾಡಿ ನೋಡು ಅಂತ ಹೇಳಿ. ಐಸಿಯುವಿನಲ್ಲೋ ಮಕ್ಕಳ ವಾರ್ಡಿನಲ್ಲೋ ಅವರಿಗೆ ತಮ್ಮ ಜಾಗ ಸಿಕ್ಕಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಕೊನೆಗೆ ಮಕ್ಕಳಿಗೊಂದು ಮಾತು. ಮೆಂಟರ್ ಹತ್ತಿರ ಹೋಗಲು ಒಂಬತ್ತನೇ ವಾರದವರೆಗೆ ಕಾಯಬೇಡಿ, ಮೂರನೇ ವಾರಕ್ಕೇ ಹೋಗಿ. ವಾರ್ಡಿನಲ್ಲಿ ಮಾಡಿದ ಕೆಲಸ ಬರೆದಿಡುವ ಲಾಗ್‌ಬುಕ್ ತಗೊಂಡು ಹೋಗಿ. ವಿಷಯವಾರು ಹಾಜರಾತಿ ಬರೆದ ಚೀಟಿ ಇರಲಿ. ಕಳೆದ ಏಳು ದಿನ ಎಷ್ಟಕ್ಕೆ ಮಲಗಿದಿರಿ, ಏನು ಊಟ ಮಾಡಿದಿರಿ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಫೀಸ್ ತೊಂದರೆ ಇದ್ದರೆ ಅದನ್ನೇ ಮೊದಲು ಹೇಳಿ, ಸ್ಕಾಲರ್‌ಶಿಪ್ ಅರ್ಜಿಗಳಿಗೆ ಕೊನೆಯ ದಿನಾಂಕ ಇರುತ್ತದೆ. ನನ್ನ ಬಾಗಿಲಿಗೆ ಬಂದವರಿಗೆ ಈಗ ನಾನು ಕೇಳುವ ಮೊದಲ ಪ್ರಶ್ನೆ "ಊಟ ಆಯ್ತಾ?" ಅಂತ. ಅವರು ಕೂತ ಮೇಲೆ ಆ ಹಾಳೆ ತೆಗೆಯುತ್ತೇವೆ.